ಕೈಗೆ ಬಂದ ಆಫರ್ ಲೆಟರ್ ಹಿಂದಕ್ಕೆ ಹೋದಾಗ

ಮಾನ್ಯ ದಾನಿಗಳಿಗೆ ಮತ್ತು ವಿದ್ಯಾರ್ಥಿವೇತನ ಪಡೆಯುತ್ತಿರುವ ಕುಟುಂಬಗಳಿಗೆ ಶಿಕ್ಷಣ ಸಮಿತಿಯ ಮಾತು.

ನಮ್ಮ ಟ್ರಸ್ಟಿನ ಬಡ್ಡಿರಹಿತ ಸಾಲದಿಂದ ಇಂಜಿನಿಯರಿಂಗ್ ಓದಿದ ಒಬ್ಬ ಹುಡುಗ ಕಳೆದ ವರ್ಷ ಮೂರು ತಿಂಗಳು ನಮ್ಮ ಫೋನ್ ಎತ್ತಲಿಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದಾಗ ಆಫರ್ ಲೆಟರಿನ ಪ್ರತಿಯನ್ನು ಕಚೇರಿಗೆ ತಂದುಕೊಟ್ಟು, "ಆಗಸ್ಟ್‌ನಿಂದ ಕಂತು ಕಟ್ಟುತ್ತೇನೆ ಸಾಹೇಬರೇ" ಎಂದು ಹೇಳಿ ಹೋಗಿದ್ದ. ಆಗಸ್ಟ್ ಬಂತು, ಕಂತು ಬರಲಿಲ್ಲ. ಸಮಿತಿಯ ಸದಸ್ಯರೊಬ್ಬರು ಮನೆಗೆ ಹೋದಾಗ ವಿಷಯ ತಿಳಿಯಿತು. ಕೆಲಸಕ್ಕೆ ಸೇರಲು ಹತ್ತು ದಿನ ಇರುವಾಗ ಕಂಪನಿಯಿಂದ ನಾಲ್ಕು ಸಾಲಿನ ಇ-ಮೇಲ್ ಬಂದು, ಆಫರ್ ರದ್ದಾಗಿತ್ತು. ಮೊಹಲ್ಲಾಕ್ಕೆಲ್ಲ ಮಿಠಾಯಿ ಹಂಚಿಯಾಗಿತ್ತು. ಇನ್ನು ಯಾರಿಗೆ ಮುಖ ತೋರಿಸುವುದೆಂದು ಹುಡುಗ ಕೋಣೆ ಬಿಟ್ಟು ಬರುತ್ತಿರಲಿಲ್ಲ.

ಈ ಆಫರನ್ನು ನಂಬಿ ಅವನು ಒಂದು ಸಣ್ಣ ಕಂಪನಿಯ ಕೆಲಸವನ್ನು ಬೇಡವೆಂದಿದ್ದ. ನಾವು ಅಲ್ಲಿಗೆ ಫೋನ್ ಮಾಡಿಸಿದಾಗ ಅವರು ಹೇಳಿದ್ದು ಇಷ್ಟೇ: "ಜುಲೈನಲ್ಲೇ ಕೇಳಿದ್ದರೆ ಜಾಗ ಇತ್ತು." ಕಂಪನಿ ಅವನಿಂದ ಒಂದು ಕೆಲಸ ಕಿತ್ತುಕೊಂಡಿತು, ನಾಚಿಕೆ ಇನ್ನೊಂದನ್ನು ಕಿತ್ತುಕೊಂಡಿತು. ಹೆಸರು ಹಾಕದೆ ಇದನ್ನು ಬರೆಯಿರಿ, ಬೇರೆ ಮಕ್ಕಳಿಗಾದರೂ ತಿಳಿಯಲಿ ಎಂದು ಅವನೇ ಹೇಳಿದ್ದರಿಂದ ಈ ಲೇಖನ.

ಯಾವ ಪತ್ರಕ್ಕೆ ಎಷ್ಟು ಬೆಲೆ

ಕ್ಯಾಂಪಸ್‌ನಲ್ಲಿ ಮೊದಲು ಸಿಗುವುದು ಹೆಚ್ಚಾಗಿ ಲೆಟರ್ ಆಫ್ ಇಂಟೆಂಟ್. ಅದು ಮುಂದೆ ಕೆಲಸ ಕೊಡುವ ಇರಾದೆ ಇದೆ ಎಂಬ ಸೂಚನೆ ಮಾತ್ರ. ಎರಡನೆಯದು ಆಫರ್ ಲೆಟರ್. ಅದರಲ್ಲಿ ಸಂಬಳ, ಹುದ್ದೆ, ಸೇರುವ ದಿನ ಇರುತ್ತದೆ. ಜೊತೆಗೆ ಷರತ್ತುಗಳೂ ಇರುತ್ತವೆ. ಎಲ್ಲ ವಿಷಯಗಳಲ್ಲಿ ಪಾಸಾಗಿರಬೇಕು, ಹಿನ್ನೆಲೆ ಪರಿಶೀಲನೆ ಸರಿಬರಬೇಕು, ಕಂಪನಿಯ ಅಗತ್ಯಕ್ಕೆ ತಕ್ಕಂತೆ ದಿನಾಂಕ ಬದಲಾಗಬಹುದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮೂರನೆಯದು ನೇಮಕಾತಿ ಪತ್ರ. ಸಾಮಾನ್ಯವಾಗಿ ಇದು ಕೆಲಸಕ್ಕೆ ಸೇರಿದ ದಿನ ಕೈಗೆ ಬರುತ್ತದೆ. ಅಲ್ಲಿಯವರೆಗೆ ಕೆಲಸ ಖಾತ್ರಿ ಎಂದು ಭಾವಿಸಬಾರದು.

ಹಿಂಪಡೆಯಲು ಕಾರಣ ಬಹುತೇಕ ಕಂಪನಿಯ ಕಡೆಯದೇ: ಪ್ರಾಜೆಕ್ಟ್ ಕೈತಪ್ಪುವುದು, ಖರ್ಚು ಕಡಿತ, ಅಗತ್ಯಕ್ಕಿಂತ ಹೆಚ್ಚು ಜನರನ್ನು ಆರಿಸಿಟ್ಟುಕೊಂಡಿರುವುದು. 2022ರಲ್ಲಿ ಐಟಿ ವಲಯದಲ್ಲಿ ಅನೇಕ ಹೊಸಬರಿಗೆ ಹೀಗೆಯೇ ಆಯಿತು. ತಿಂಗಳುಗಟ್ಟಲೆ ಕಾಯಿಸಿ ಕೊನೆಗೆ ಆಫರ್ ರದ್ದು ಮಾಡಿದರು.

ನಮ್ಮ ಕೈಯಲ್ಲಿ ಸರಿಪಡಿಸಬಹುದಾದ ಕಾರಣ ಒಂದಿದೆ. ಅದು ಹೆಸರಿನ ವ್ಯತ್ಯಾಸ. ಆಧಾರ್‌ನಲ್ಲಿ 'ಮೊಹಮ್ಮದ್' ಪೂರ್ತಿ, ಅಂಕಪಟ್ಟಿಯಲ್ಲಿ 'ಎಂಡಿ' ಎಂದು ಮೊಟಕು, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರೂ ಸೇರಿರುತ್ತದೆ. ಹೆಣ್ಣುಮಕ್ಕಳಿಗೆ ಒಂದು ಕಡೆ 'ಬಾನು' ಇದ್ದರೆ ಇನ್ನೊಂದು ಕಡೆ ಇರುವುದಿಲ್ಲ. ಹಿನ್ನೆಲೆ ಪರಿಶೀಲನೆಯಲ್ಲಿ ಇದೇ ತೊಡಕಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನು ಆಧಾರವಾಗಿಟ್ಟುಕೊಂಡು ಉಳಿದ ದಾಖಲೆಗಳನ್ನು ಓದು ಮುಗಿಯುವ ಮೊದಲೇ ಸರಿಪಡಿಸಿಕೊಳ್ಳಿ.

ಮೊದಲ ವಾರದಲ್ಲಿ ಮಾಡಬೇಕಾದ್ದು

ಸುದ್ದಿ ಬಂದ ದಿನ ಸಿಟ್ಟಿನಲ್ಲಿ ಏನನ್ನೂ ಬರೆದು ಕಳಿಸಬೇಡಿ. ಆಫರ್ ಲೆಟರ್, ನೀವು ಒಪ್ಪಿಗೆ ಕಳಿಸಿದ ಇ-ಮೇಲ್, ರದ್ದು ಮಾಡಿದ ಪತ್ರ, ವಾಟ್ಸಾಪ್ ಸಂದೇಶ ಎಲ್ಲವನ್ನೂ ಒಂದು ಕಡೆ ಜೋಪಾನ ಮಾಡಿ. ಫೋನಿನಲ್ಲಿ ಹೇಳಿದ್ದರೆ ಲಿಖಿತವಾಗಿ ಕೊಡಿ ಎಂದು ಕೇಳಿ.

ಮಾರನೆಯ ದಿನ ಎಚ್‌ಆರ್‌ಗೆ ವಿನಯದಿಂದ ಇ-ಮೇಲ್ ಬರೆಯಿರಿ. ಕಾರಣವೇನು, ಬೇರೆ ಊರಿನಲ್ಲಿ ಅಥವಾ ಬೇರೆ ವಿಭಾಗದಲ್ಲಿ ಅವಕಾಶವಿದೆಯೇ, ನಿಮ್ಮ ತಪ್ಪಿಲ್ಲವೆಂದು ಪತ್ರ ಕೊಡಬಹುದೇ ಎಂದು ಕೇಳಿ. ಆ ಪತ್ರ ಮುಂದಿನ ಸಂದರ್ಶನದಲ್ಲಿ ಉಪಯೋಗಕ್ಕೆ ಬರುತ್ತದೆ.

ಅದೇ ದಿನ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೂ ತಿಳಿಸಿ. 'ಒಬ್ಬರಿಗೆ ಒಂದೇ ಕೆಲಸ' ಎಂಬ ನಿಯಮದಿಂದ ನಿಮ್ಮ ಹೆಸರು ಪಟ್ಟಿಯಿಂದ ಹೊರಗಿದ್ದರೆ ಮತ್ತೆ ಸೇರಿಸಲು ಕೇಳಿ. ಬೇಡವೆಂದ ಕಂಪನಿಗೂ ಫೋನ್ ಮಾಡಿ. ಇದರಲ್ಲಿ ಅವಮಾನವಿಲ್ಲ. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿ ಇನ್ನೂ ಮುಗಿದಿರದಿದ್ದರೆ ರಾಜೀನಾಮೆ ಹಿಂಪಡೆಯಲು ತಕ್ಷಣ ಕೇಳಿ.

ಮುಂದಿನ ಸಂದರ್ಶನದಲ್ಲಿ ವಿಷಯ ಬಂದರೆ ಮುಚ್ಚಿಡಬೇಡಿ. "ಆಯ್ಕೆಯಾಗಿದ್ದೆ, ಕಂಪನಿ ನೇಮಕಾತಿ ನಿಲ್ಲಿಸಿತು, ಪತ್ರ ಇಲ್ಲಿದೆ" ಎಂದರೆ ಸಾಕು.

ಒಂದು ಎಚ್ಚರಿಕೆ. ರದ್ದಾದ ಆಫರನ್ನು ಮತ್ತೆ ಕೊಡಿಸುತ್ತೇವೆ, ಠೇವಣಿ ಕಟ್ಟಿ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಗಲ್ಫ್ ಕೆಲಸವಾದರೆ, 1983ರ ವಲಸೆ ಕಾಯ್ದೆಯ ಪ್ರಕಾರ ಏಜೆಂಟರಿಗೆ ಸರ್ಕಾರದ ನೋಂದಣಿ ಇರಬೇಕು. ಹಣ ಕೊಡುವ ಮೊದಲು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಕಾನೂನು ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಮಿನಂತೆ, ನೀವು ಒಪ್ಪಿಗೆ ಕಳಿಸುವ ಮೊದಲು ಕಂಪನಿ ತನ್ನ ಆಫರನ್ನು ಹಿಂಪಡೆಯಬಹುದು. ಆದ್ದರಿಂದ ಆಫರ್ ಬಂದ ಕೂಡಲೇ ಓದಿ, ಒಪ್ಪುವುದಾದರೆ ಲಿಖಿತವಾಗಿ ಒಪ್ಪಿಗೆ ಕಳಿಸಿ. ಒಪ್ಪಿಗೆಯ ನಂತರ ಹಿಂಪಡೆದರೆ, ಪತ್ರದ ಷರತ್ತುಗಳನ್ನು ನೋಡಿಕೊಂಡು 73ನೇ ಕಲಮಿನಡಿ ನಷ್ಟ ಕೇಳಲು ಅವಕಾಶವಿದೆ. ಆದರೆ ಇವನನ್ನು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕು ಎಂದು ಖಾಸಗಿ ಕಂಪನಿಗೆ ನ್ಯಾಯಾಲಯ ಸಾಮಾನ್ಯವಾಗಿ ಆದೇಶಿಸುವುದಿಲ್ಲ. ಹೊಸಬರಿಗೆ ಸಿಗಬಹುದಾದ ಪರಿಹಾರ ಚಿಕ್ಕದು, ಹಿಡಿಯುವ ಕಾಲ ದೊಡ್ಡದು. ಹಳೆಯ ಕೆಲಸ ಬಿಟ್ಟು ಅಥವಾ ಊರು ಬದಲಿಸಿ ನಷ್ಟ ಅನುಭವಿಸಿದವರು ವಕೀಲರನ್ನು ಕೇಳುವುದು ಒಳ್ಳೆಯದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ, ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100.

ಮನೆ ಖರ್ಚು, ಸಾಲ

ಬ್ಯಾಂಕಿನ ಶಿಕ್ಷಣ ಸಾಲವಿದ್ದರೆ ಕಂತು ಬಾಕಿಯಾಗುವ ಮೊದಲೇ ಮ್ಯಾನೇಜರನ್ನು ಕಂಡು ಅವಧಿ ಮುಂದೂಡಲು ಅರ್ಜಿ ಕೊಡಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರು ರಾಜ್ಯದ ಯುವನಿಧಿಗೆ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮೊದಲ ಸಂಬಳ ಖಾತೆಗೆ ಬೀಳುವವರೆಗೆ ಆಫರ್ ಲೆಟರ್ ನಂಬಿ ಬೈಕ್ ಸಾಲ, ಮದುವೆ ಸಾಲ ಮಾಡಬೇಡಿ, ಮನೆಯ ಒಡವೆ ಅಡವಿಡಬೇಡಿ.

ಇನ್ನು ನಮ್ಮ ಟ್ರಸ್ಟಿನ ಸಾಲದ ಮಾತು. ಮರುಪಾವತಿ ಶುರುವಾಗುವುದು ಮೊದಲ ಸಂಬಳದಿಂದ, ಆಫರ್ ಲೆಟರಿನ ದಿನಾಂಕದಿಂದಲ್ಲ. ಕೆಲಸ ತಪ್ಪಿದರೆ ಒಂದು ಫೋನ್ ಮಾಡಿ ತಿಳಿಸಿದರೆ ಸಾಕು. ಅದನ್ನು ಬಾಕಿ ಎಂದು ಬರೆಯುವುದಿಲ್ಲ, ತಮ್ಮ-ತಂಗಿಯರ ಅರ್ಜಿಗೂ ಅಡ್ಡಿಯಾಗುವುದಿಲ್ಲ.

ತಂದೆ-ತಾಯಂದಿರಲ್ಲಿ ಒಂದು ಕೋರಿಕೆ: "ನೀನು ಏನು ಮಾಡಿದೆ" ಎಂದು ಮಕ್ಕಳನ್ನು ಕೇಳಬೇಡಿ. ದಾನಿಗಳಲ್ಲಿ ಅಂಗಡಿ, ಕಾರ್ಖಾನೆ, ಕಂಪನಿ ನಡೆಸುವವರು ಹಲವರಿದ್ದೀರಿ. ನೇಮಕಾತಿ ನಿಲ್ಲಿಸಲೇಬೇಕಾದರೆ ಬೇಗ ಹೇಳಿ, ಕಾರಣ ಬರೆದುಕೊಡಿ. ಹೀಗೆ ಕೆಲಸ ತಪ್ಪಿದ ಮಕ್ಕಳಿಗೆ ಒಂದು ಸಂದರ್ಶನದ ಅವಕಾಶ ಕೊಟ್ಟರೆ ಅದೂ ನೆರವೇ.

ಆ ಹುಡುಗನಿಗೆ ಈಗ ಬೇರೆ ಕಡೆ ಕೆಲಸ ಸಿಕ್ಕಿದೆ. ಸಂಬಳ ಮೊದಲಿನ ಆಫರ್‌ಗಿಂತ ಕಡಿಮೆ. ಮೊದಲ ಕಂತು ಕಳಿಸಿದ ದಿನ ಅವನೇ ಫೋನ್ ಮಾಡಿದ.