ಡೆಕ್ಕಿನ ಕೆಳಗಿನ ಟ್ಯಾಂಕಿ

ಮತ್ರಾದ ಕಡಲದಂಡೆಯಲ್ಲಿ ಸಂಜೆ ಅಡ್ಡಾಡುವ ನಮ್ಮ ಬಂಧುಗಳಿಗೆ ದೋಣಿಗಳು ಹೊಸತಲ್ಲ. ಮಲ್ಪೆ, ಮಂಗಳೂರು, ಕಾರವಾರದ ಕಡೆಯವರಿಗಂತೂ ಅವು ತವರಿನ ನೆನಪು. ರಜೆಯ ದಿನ ಮಕ್ಕಳೊಂದಿಗೆ ಡಾಲ್ಫಿನ್ ನೋಡಲು ಲಾಂಚ್ ಹತ್ತುವಾಗ ನಾವು ಲೈಫ್ ಜಾಕೆಟ್ ಇದೆಯೇ ಎಂದು ವಿಚಾರಿಸುತ್ತೇವೆ. ಕಾಲಡಿಯ ಇಂಧನ ಟ್ಯಾಂಕಿಗೆ ವಯಸ್ಸೆಷ್ಟು ಎಂದು ಯಾರೂ ಕೇಳುವುದಿಲ್ಲ.

ಹಿಂದಿನವರಿಗೆ ಒಂದೇ ಚಿಂತೆ: ಹೊರಗಿನ ನೀರು ಒಳಗೆ ಬರಬಾರದು. ಸೂರ್‌ನಲ್ಲಿ ಕಟ್ಟಿ, 1980ರಲ್ಲಿ ಮಸ್ಕತ್ತಿನಿಂದ ಚೀನಾಕ್ಕೆ ಹೊರಟ ‘ಸೋಹಾರ್’ ಹಡಗಿನ ಮರ ನಮ್ಮ ಪಶ್ಚಿಮ ಕರಾವಳಿಯದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಹೊರಮೈಗೆ ಸುಣ್ಣ ಮತ್ತು ಕೊಬ್ಬು ಬಳಿದಿದ್ದರು. ಹಾಗೆಯೇ ಹೊಲಿದು ಕಟ್ಟಿದ ‘ಕೌಂಡಿನ್ಯ’ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿ, 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಯಂತ್ರ ಬಂದ ಮೇಲೆ ದೋಣಿಗೆ ಎರಡನೆಯ ಚಿಂತೆ ಅಂಟಿತು: ಒಳಗಿನ ಎಣ್ಣೆ ಹೊರಗೆ ಬರಬಾರದು.

ಕಬ್ಬಿಣದ ಟ್ಯಾಂಕಿ ತಳದಲ್ಲಿ ನಿಂತ ನೀರಿನಿಂದ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅಲ್ಯುಮಿನಿಯಮ್ಮಿಗೆ ಗಾಳಿಯೇ ರಕ್ಷೆ. ಒದ್ದೆ ಫೋಮ್ ಅಥವಾ ನೀರು ಹೀರುವ ಪಟ್ಟಿ ಅಂಟಿಕೊಂಡಲ್ಲಿ ಗಾಳಿ ತಾಗದೆ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಉಪ್ಪುನೀರಿನಲ್ಲಿ ಹಿತ್ತಾಳೆಯ ಜೋಡಣೆ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಸೋರಿದ್ದು ಡೀಸೆಲ್ ಆದರೆ ವಾಸನೆ, ಜಾರಿಕೆ, ಸಮುದ್ರಕ್ಕೆ ಕೊಳೆ. ಪೆಟ್ರೋಲ್ ಆದರೆ ಅದರ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ.

ಹಳೆಯ ದೋಣಿಗಳಲ್ಲಿ ಟ್ಯಾಂಕಿ ಇಟ್ಟ ಮೇಲೆ ಡೆಕ್ಕು ಹಾಸಿರುವುದುಂಟು. ಆದ್ದರಿಂದ ಬದಲಿಸಲು ಡೆಕ್ಕನ್ನೇ ಕೊಯ್ಯಬೇಕಾಗುತ್ತದೆ. ಮೊದಲು ಬ್ಯಾಟರಿ ಕಳಚಿ, ಇಂಧನ ಪೂರ್ತಿ ತೆಗೆದು, ಆವಿ ಹೋಗುವ ತನಕ ಗಾಳಿ ಆಡಿಸಬೇಕು; ಗರಗಸ ಆಮೇಲೆ. ಖಾಲಿಯಾಯಿತೆಂದು ಹಳೆಯ ಟ್ಯಾಂಕಿಗೆ ದೋಣಿಯಲ್ಲೇ ಬೆಸುಗೆ ಹಚ್ಚುವುದು ಜೀವದೊಡನೆ ಆಟ. ಖಾಲಿ ಟ್ಯಾಂಕಿಯಲ್ಲೂ ಆವಿ ತುಂಬಿರುತ್ತದೆ.

ಹೊಸ ಟ್ಯಾಂಕಿಯನ್ನು ಕೂರಿಸುವ ಮುನ್ನ ಚದರ ಇಂಚಿಗೆ 3 ಪೌಂಡಿನಷ್ಟು ಗಾಳಿ ತುಂಬಿ, ಬೆಸುಗೆಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ರೂಢಿ. ನೀರು ಹೀರದ ಪಟ್ಟಿಗಳ ಮೇಲೆ ಎತ್ತರಿಸಿ ಕೂರಿಸಿದರೆ ಕೆಳಗೆ ನೀರು ಹರಿದುಹೋಗುತ್ತದೆ, ಸುತ್ತ ಗಾಳಿಯಾಡುತ್ತದೆ. ಹಳೆಯ ಕೊಳವೆಗಳನ್ನು ಮತ್ತೆ ಹಾಕಬಾರದು. ತುಂಬುವ ಬಾಯಿಯ ಲೋಹಕ್ಕೂ ಟ್ಯಾಂಕಿಗೂ ತಂತಿ ಜೋಡಿಸಿದರೆ ಸ್ಥಾಯೀ ವಿದ್ಯುತ್ತಿನ ಕಿಡಿ ತಪ್ಪುತ್ತದೆ.

ಇನ್ನು ಮುಚ್ಚುವ ಕೆಲಸ. ಕೊಯ್ದ ಡೆಕ್ಕಿನ ಅಂಚಿನಲ್ಲಿ ಪ್ಲೈವುಡ್ ಕಾಣಿಸಿದರೆ ಅದಕ್ಕೂ ಸ್ಕ್ರೂ ತೂತುಗಳಿಗೂ ಎಪಾಕ್ಸಿ ಕುಡಿಸಬೇಕು. ಇಲ್ಲವಾದರೆ ಟ್ಯಾಂಕಿ ಹೊಸದು, ಡೆಕ್ಕು ಕೊಳೆತದ್ದು. ಮುಚ್ಚಳದ ಸುತ್ತ ಪಾಲಿಸಲ್ಫೈಡ್ ಅಂಟು ಒಳ್ಳೆಯದು. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ತಾಳದು. ಮುಚ್ಚಳವನ್ನು ಶಾಶ್ವತವಾಗಿ ಬೆಸೆಯದೆ ಸ್ಕ್ರೂ ಹಾಕಿ ಕೂರಿಸಿದರೆ ಮುಂದೆ ತೆರೆದು ನೋಡಬಹುದು. ತುಂಬುವ ಬಾಯಿಯ ರಬ್ಬರ್ ಉಂಗುರ ಸವೆದಿದ್ದರೆ ಡೆಕ್ಕು ತೊಳೆದ ನೀರೆಲ್ಲ ಟ್ಯಾಂಕಿಗೇ ಹೋಗುತ್ತದೆ.

ಇಲ್ಲಿಯ ಬಿಸಿಲಿಗೆ ಒಂದು ಲೆಕ್ಕ: 200 ಲೀಟರ್ ಪೆಟ್ರೋಲ್ 20 ಡಿಗ್ರಿ ಕಾಯ್ದರೆ ಸುಮಾರು 4 ಲೀಟರ್ ಹಿಗ್ಗುತ್ತದೆ. ಆದ್ದರಿಂದ ಬಾಯಿಮಟ್ಟ ತುಂಬಬಾರದು. ತೀರ ಖಾಲಿ ಇಟ್ಟರೆ ಕರಾವಳಿಯ ತೇವ ಒಳಗೆ ಹನಿಗಟ್ಟುತ್ತದೆ. ಆ ನೀರು ಸೇರಿದ ಡೀಸೆಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ, ಯಂತ್ರ ನಡುಗಡಲಿನಲ್ಲಿ ನಿಲ್ಲುತ್ತದೆ.

ದೋಣಿಯಿದ್ದ ಸದಸ್ಯರು ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಲಿ. ಪೆಟ್ರೋಲ್ ಯಂತ್ರ ಡೆಕ್ಕಿನ ಕೆಳಗಿದ್ದರೆ ಚಾಲೂ ಮಾಡುವ ಮೊದಲು ಕನಿಷ್ಠ 4 ನಿಮಿಷ ಗಾಳಿಯಂತ್ರ ಓಡಿಸಲಿ. ಬಾಡಿಗೆಗೆ ಹತ್ತುವ ನಮ್ಮಂಥವರು ಮೂಗನ್ನು ಚುರುಕಾಗಿಟ್ಟುಕೊಂಡರೆ ಸಾಕು. ಪೆಟ್ರೋಲಿನ ವಾಸನೆ ಬಂದರೆ, ಟಿಕೀಟಿನ ಹಣ ಹೋದರೂ ಸರಿ, ಮಕ್ಕಳನ್ನು ಇಳಿಸಿಕೊಂಡು ದಡಕ್ಕೆ ಬನ್ನಿ.