ಹಬ್ಬದ ಸುಡುಮದ್ದು ಮತ್ತು ಮನೆಯ ನಾಯಿ

ದೀಪಾವಳಿಯ ಮುನ್ನಾದಿನಗಳಲ್ಲಿ ಕರಾವಳಿಯ ಮನೆಗಳಲ್ಲಿ ಹಂಡೆಯನ್ನು ತಿಕ್ಕಿ ತೊಳೆದು ನೀರು ತುಂಬುವ ಸಡಗರ ತೊಡಗುತ್ತದೆ. ಅದೇ ಹೊತ್ತಿಗೆ ಆ ಮನೆಗಳ ಕೆಲವು ನಾಯಿಗಳು ಅನ್ನ ಬಿಟ್ಟು ಮಂಚದಡಿ ಸೇರುತ್ತವೆ. ಇದನ್ನು ನಾವು ಬಹುಕಾಲ ಗಮನಿಸಿಯೂ ಗಮನಿಸದವರಂತೆ ಇದ್ದೆವು. ಹಬ್ಬ ಮುಗಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ನಮ್ಮ ಎಣಿಕೆಯಾಗಿತ್ತು.

ಕಾಪುವಿನ ಸಮೀಪದ ನಮ್ಮ ಮನೆಯಲ್ಲಿ ಕರಿಯನೆಂಬ ಊರನಾಯಿಯಿತ್ತು. ಹಗಲೆಲ್ಲ ಅಂಗಳದ ಮೂಲೆಯ ಗೂಡಿನಲ್ಲಿಟ್ಟು, ರಾತ್ರಿ ಕಾವಲಿಗೆಂದು ಬಿಡುವುದು ನಮ್ಮ ಕಡೆಯ ರೂಢಿ. ಒಂದು ನರಕ ಚತುರ್ದಶಿಯ ರಾತ್ರಿಯೂ ಎಂದಿನಂತೆ ಬಿಟ್ಟೆವು. ನೆರೆಯಲ್ಲಿ ಮೊದಲ ಬೆಡಿ ಸಿಡಿದ ಕ್ಷಣದಲ್ಲಿ ಅದು ಆವರಣದ ಗೋಡೆ ಹಾರಿತು. ಮೂರನೆಯ ದಿನ, ರಾಷ್ಟ್ರೀಯ ಹೆದ್ದಾರಿ 66ರ ಆಚೆ ಬದಿಯ ಮೋರಿಯೊಳಗೆ, ಅಂಗಾಲು ಸುಲಿದುಹೋದ ಸ್ಥಿತಿಯಲ್ಲಿ ಸಿಕ್ಕಿತು. ಹೆದ್ದಾರಿಯನ್ನು ಅದು ಜೀವಸಹಿತ ದಾಟಿದ್ದೇ ಆಶ್ಚರ್ಯ. ತಪ್ಪು ಪಟಾಕಿ ಹಚ್ಚಿದ ಹುಡುಗರದ್ದಲ್ಲ, ಆ ಹೊತ್ತಿಗೆ ಗೂಡಿನ ಬಾಗಿಲು ತೆರೆದ ನಮ್ಮದು. ಅನಂತರ ಪಶುವೈದ್ಯರಿಂದ ಕೇಳಿ, ಓದಿ, ನಮ್ಮ ಮನೆಯಲ್ಲಿಯೇ ಮಾಡಿ ನೋಡಿ ತಿಳಿದುದನ್ನು ಸದ್ಭಕ್ತರ ಮುಂದೆ ಇರಿಸುತ್ತಿದ್ದೇವೆ.

ನಾಯಿ ಪಟಾಕಿಗೆ ಹೆದರುವುದು ಪುಕ್ಕಲುತನವಲ್ಲ, ಮೊಂಡುತನವೂ ಅಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ ಸುಮಾರು 20,000 ಕಂಪನಗಳ ಧ್ವನಿಯನ್ನು ಗ್ರಹಿಸಿದರೆ, ನಾಯಿಯ ಕಿವಿ ಸುಮಾರು 45,000 ಕಂಪನಗಳವರೆಗೂ ಗ್ರಹಿಸುತ್ತದೆ. ಆದರೆ ಕಿವಿಯ ಸೂಕ್ಷ್ಮತೆಯೊಂದೇ ಕಾರಣವೆನ್ನಲಾಗದು. ಯಕ್ಷಗಾನದ ಚೆಂಡೆ ಗಂಟೆಗಟ್ಟಲೆ ಮೊಳಗಿದರೂ ನಿದ್ರಿಸುವ ನಾಯಿಗಳನ್ನು ನಾವು ಕಂಡಿದ್ದೇವೆ. ಚೆಂಡೆಗೆ ಒಂದು ಲಯವಿದೆ, ಅದು ಬರುವ ದಿಕ್ಕು ಒಂದೇ. ಪಟಾಕಿಯಾದರೋ ಯಾವಾಗ, ಎಲ್ಲಿಂದ, ಎಷ್ಟು ಜೋರಾಗಿ ಸಿಡಿಯುವುದೆಂದು ತಿಳಿಯದು. ಸಿಡಿದಾಗ ನೆಲ ಅದುರುತ್ತದೆ, ಗಂಧಕದ ಹೊಗೆ ಮೂಗಿಗೆ ಅಡರುತ್ತದೆ. ಅಪಾಯ ಯಾವ ಕಡೆಯಿಂದ ಎಂದು ತಿಳಿಯದ ಪ್ರಾಣಿಯ ಒಡಲಲ್ಲಿ ಅಡ್ರಿನಲಿನ್ ಉಕ್ಕಿ, ಎದೆಬಡಿತ ಏರಿ, ಓಡು ಎಂಬ ಒಂದೇ ಪ್ರೇರಣೆ ಉಳಿಯುತ್ತದೆ. ಆಗ ಅದಕ್ಕೆ ಯಜಮಾನನ ಕರೆ ಕೇಳಿಸಿದರೂ ಅರ್ಥವಾಗದು.

‘ನಾಲ್ಕು ಹಬ್ಬ ಕಳೆದರೆ ತಾನೇ ರೂಢಿಯಾಗುತ್ತದೆ’ ಎನ್ನುವವರಿದ್ದಾರೆ. ಸೂಕ್ಷ್ಮ ಸ್ವಭಾವದ ನಾಯಿಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ಒಂದೊಂದು ಸಲದ ಅಂಜಿಕೆಯೂ ಮುಂದಿನದನ್ನು ಹೆಚ್ಚಿಸುತ್ತದೆ. ಮೊದಲು ಪಟಾಕಿಗಷ್ಟೇ ಹೆದರುತ್ತಿದ್ದುದು ಬರಬರುತ್ತ ಗುಡುಗಿಗೆ, ಕೊನೆಗೆ ಬಾಗಿಲು ಬಡಿದ ಸದ್ದಿಗೂ ನಡುಗತೊಡಗುತ್ತದೆ. ನಮ್ಮ ನಾಡಿನಲ್ಲಂತೂ ಸಿಡಿತ ಒಂದು ಹಬ್ಬಕ್ಕೆ ಮುಗಿಯುವುದಿಲ್ಲ. ನರಕ ಚತುರ್ದಶಿಯ ನಸುಕಿನ ಎಣ್ಣೆಸ್ನಾನದ ಹೊತ್ತಿಗೇ ತೊಡಗುವ ಸದ್ದು ಬಲಿಪಾಡ್ಯಮಿಯ ರಾತ್ರಿಯವರೆಗೂ ಉಂಟು. ಹನ್ನೊಂದು ದಿನ ಕಳೆದರೆ ಉತ್ಥಾನ ದ್ವಾದಶಿಯ ತುಳಸಿ ಪೂಜೆ, ಅಂದಿನಿಂದಲೇ ಉಡುಪಿಯ ಲಕ್ಷದೀಪೋತ್ಸವ. ಮಕರ ಸಂಕ್ರಾಂತಿಗೆ ಮೂರು ತೇರು, ಎರಡು ವರ್ಷಗಳಿಗೊಮ್ಮೆ ಜನವರಿ 18ರ ಪರ್ಯಾಯ, ತೆಂಕಲಾಗಿ ಹೋದರೆ ಹೆಸರಿನಲ್ಲೇ ಸುಡುಮದ್ದನ್ನು ಹೊತ್ತ ಕುಂಬಳೆ ಬೆಡಿ. ಇದಲ್ಲದೆ ಊರೂರಿನ ನೇಮೋತ್ಸವಗಳ ಗರ್ನಾಲು. ತುಲಾಮಾಸದ ಸಂಜೆಯ ಗುಡುಗುಮಳೆ ಬೇರೆ ಇದ್ದೇ ಇದೆ. ಆದುದರಿಂದ ಮನೆಯ ಸಿದ್ಧತೆಯೂ ಒಂದು ರಾತ್ರಿಯದಾಗಿರಬಾರದು.

ಸಿದ್ಧತೆಯಲ್ಲಿ ಮೊದಲನೆಯದು ಸದ್ದಿನ ಅಭ್ಯಾಸ. ಪಟಾಕಿಯ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ನಮಗೇ ಕೇಳಿಸದಷ್ಟು ಮೆಲ್ಲಗೆ ಹಚ್ಚಿ, ಆ ಹೊತ್ತಿನಲ್ಲಿ ನಾಯಿಗೆ ಅತಿ ಪ್ರಿಯವಾದ ತಿನಿಸನ್ನು ಕೊಡಬೇಕು. ದಿನಕ್ಕೆ ಐದು ಹತ್ತು ನಿಮಿಷ ಸಾಕು. ಅದು ನಿರಾತಂಕವಾಗಿದ್ದರೆ ಮಾತ್ರ ಕೆಲವು ದಿನಗಳಿಗೊಮ್ಮೆ ಸದ್ದನ್ನು ಒಂದಿಷ್ಟು ಏರಿಸುವುದು. ಕಿವಿ ಹಿಂದಕ್ಕೆ ಬಾಗಿದರೆ, ಪದೇ ಪದೇ ತುಟಿ ನೆಕ್ಕಿದರೆ, ತಿನಿಸನ್ನು ಬಿಟ್ಟರೆ ನಾವು ಅವಸರಿಸಿದೆವೆಂದೇ ಅರ್ಥ. ಹಿಂದಿನ ಮಟ್ಟಕ್ಕೆ ಇಳಿಯಬೇಕು. ಇದಕ್ಕೆ ವಾರಗಳಲ್ಲ, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಹಬ್ಬದ ಹಿಂದಿನ ದಿನ ತೊಡಗಿದರೆ ಹಾನಿಯೇ ಹೆಚ್ಚು. ಮರಿ ತಂದವರಿಗೆ ಈ ಕಾರ್ಯ ಸುಲಭ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡುಕೇಳಿದ ಹೊಸತುಗಳನ್ನು ಅದು ಭಯವಿಲ್ಲದೆ ಸ್ವೀಕರಿಸುತ್ತದೆ.

ದೀರ್ಘ ಅಭ್ಯಾಸಕ್ಕೆ ಕಾಲವಿಲ್ಲದವರೂ ಕೈಚೆಲ್ಲಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅವರು 1,225 ನಾಯಿಗಳ ಯಜಮಾನರಿಂದ ಮಾಹಿತಿ ಪಡೆದು 2020ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಹೊರಗೆ ನಿಜವಾಗಿ ಸಿಡಿತವಾದೊಡನೆ ಪ್ರತಿ ಸಲವೂ ತಿನಿಸು ಕೊಡುವುದು ಅಥವಾ ಆಟವಾಡಿಸುವುದು, ಈ ಸರಳ ಕ್ರಮದಿಂದ ಪ್ರಯೋಜನವಾಯಿತೆಂದು ಅದನ್ನು ಅನುಸರಿಸಿದವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ತಿಳಿಸಿದರು. ಸಿಡಿತ ಮೊದಲು, ತಿನಿಸು ಆಮೇಲೆ ಎಂಬ ಅನುಕ್ರಮ ತಪ್ಪಬಾರದು. ತಿರುಗುಮುರುಗಾದರೆ ತಿನಿಸೇ ಸಿಡಿತದ ಮುನ್ಸೂಚನೆಯಾಗಿಬಿಡುತ್ತದೆ.

ಹಬ್ಬದ ದಿನ ಸೂರ್ಯಾಸ್ತಕ್ಕೆ ಮುನ್ನವೇ ನಾಯಿಯನ್ನು ತಿರುಗಾಡಿಸಿ, ಮಲಮೂತ್ರ ಮುಗಿಸಿ, ಊಟವಿಕ್ಕಿ ಒಳಗೆ ತರಬೇಕು. ಆವರಣದೊಳಗೂ ಬೆಲ್ಟು ಸರಪಳಿ ಇಲ್ಲದೆ ಬಿಡಬಾರದು. ಬೆಲ್ಟಿಗೆ ದೂರವಾಣಿ ಸಂಖ್ಯೆ ಬರೆದ ಬಿಲ್ಲೆಯಿರಲಿ. ಆದರೆ ಅಂಗಳದ ತೆಂಗಿನ ಮರಕ್ಕೆ ಕಟ್ಟಿ ಒಳಗೆ ಹೋಗುವುದು ಬಿಟ್ಟು ಕಳುಹಿಸುವುದಕ್ಕಿಂತ ಮೇಲೇನಲ್ಲ, ಹೆದರಿ ಜಗ್ಗಿದ ನಾಯಿಗೆ ಸರಪಳಿಯೇ ಉರುಳಾದೀತು. ಕಾವಲಿನ ನಾಯಿಗೂ ಆ ಮೂರು ರಾತ್ರಿ ಮನೆಯೊಳಗೆ ಎಡೆ ಬೇಕು. ಹಳೆಯ ಹಂಚಿನ ಮನೆಗಳಲ್ಲಿ ಹೊರಗಿನ ಸದ್ದು ಮಾಡಿನ ಸಂದಿನಿಂದ ನೇರ ಇಳಿಯುವುದರಿಂದ ಚಾವಡಿಗಿಂತ ಅಟ್ಟವಿರುವ ನಡುಕೋಣೆ ಲೇಸು. ಮಣಿಪಾಲದ ವಸತಿ ಸಮುಚ್ಚಯಗಳಲ್ಲಿ ಎದುರುಬದುರಿನ ಗೋಡೆಗಳಿಗೆ ಬಡಿದು ಸದ್ದು ಮರುದನಿಸುತ್ತದೆ. ಅಲ್ಲಿ ಬಾಲ್ಕನಿಯ ಬಾಗಿಲು ಭದ್ರಪಡಿಸುವುದು ಮೊದಲ ಕೆಲಸ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನು ತಿರುಗಿಸಿ, ರೇಡಿಯೋ ಹಚ್ಚಿರಿ. ನಾಯಿ ತಾನಾಗಿ ಬಚ್ಚಲಿಗೆ ಹೊಕ್ಕರೆ ಅಲ್ಲಿಯೇ ಹಾಸಿಗೆ, ನೀರು ಇಡಿರಿ. ಎಳೆದು ಹೊರಗೆ ತರಬೇಡಿರಿ. ಬೈರಾಸನ್ನು ಎದೆಬೆನ್ನು ಸುತ್ತಿ ಹಿತವಾಗಿ ಬಿಗಿದರೆ ಕೆಲವು ನಾಯಿಗಳು ಶಾಂತವಾಗುತ್ತವೆ, ಎಲ್ಲವೂ ಅಲ್ಲ. ಕಿವಿಗೆ ಹತ್ತಿ ತುರುಕುವುದನ್ನು ನಾವು ಒಪ್ಪುವುದಿಲ್ಲ. ಕೊಡವಿ ಬಿಸಾಡದ ಹತ್ತಿ ಒಳಸರಿದರೆ ಇನ್ನೊಂದು ವೈದ್ಯ ಕಾರ್ಯವಾಯಿತು.

ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಬಲಿಯುತ್ತದೆ ಎಂಬ ಮಾತು ವಿದ್ಯಾವಂತರಲ್ಲಿಯೇ ಹೆಚ್ಚು ಪ್ರಚಲಿತ. ಇದು ಸರಿಯಲ್ಲ. ಕುಳಿತುಕೊ ಎಂದಾಗ ಕುಳಿತುದಕ್ಕೆ ಬಿಸ್ಕತ್ತು ಕೊಟ್ಟರೆ ಕುಳಿತುಕೊಳ್ಳುವುದು ಹೆಚ್ಚುತ್ತದೆ, ಏಕೆಂದರೆ ಅದು ಬೇಕೆಂದು ಮಾಡುವ ಕ್ರಿಯೆ. ಭಯ ಹಾಗಲ್ಲ, ಜ್ವರದಿಂದ ಬಳಲುವ ಮಗುವಿನ ತಲೆ ನೇವರಿಸಿದರೆ ಜ್ವರ ಏರದು. ಮಡಿಲಿಗೆ ಬಂದರೆ ಬರಗೊಡಿರಿ, ಮೆಲುದನಿಯಲ್ಲಿ ಮಾತನಾಡಿರಿ. ದೂರವಿರಬೇಕೆಂದರೆ ದೂರ ಬಿಡಿರಿ. ಗದರುವುದು, ಹೊಡೆಯುವುದು, ‘ಧೈರ್ಯ ಬರಲಿ’ ಎಂದು ಪಟಾಕಿಯ ಬಳಿಗೆ ಎಳೆದೊಯ್ಯುವುದು ಎಂದಿಗೂ ಸಲ್ಲದು.

ಎಷ್ಟೇ ಪ್ರಿಯವಾದ ತಿನಿಸನ್ನೂ ಮೂಸದೆ, ಜೊಲ್ಲು ಸುರಿಸುತ್ತ, ಏದುತ್ತ, ಬಾಗಿಲು ಗೀಚಿ ಉಗುರು ಕಿತ್ತುಕೊಳ್ಳುವ ನಾಯಿಗೆ ಉಪಚಾರ ಮಾತ್ರ ಸಾಲದು, ಔಷಧ ಬೇಕು. ಅಂಜಿಕೆಯನ್ನೇ ಶಮನಗೊಳಿಸುವ ಟ್ರಾಜೊಡೋನ್, ಗಾಬಾಪೆಂಟಿನ್ ಮೊದಲಾದವನ್ನು ಪಶುವೈದ್ಯರು ತೂಕ ನೋಡಿ, ಇತರ ರೋಗಗಳನ್ನು ವಿಚಾರಿಸಿ ಕೊಡುತ್ತಾರೆ. ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಕಂಡರೆ ಒಂದು ಸಲ ಕೊಟ್ಟು ಪರೀಕ್ಷಿಸಲು ಅವಕಾಶವಿರುತ್ತದೆ. ಬಹಳ ಹಿಂದಿನಿಂದ ಬಳಕೆಯಲ್ಲಿರುವ ಏಸ್‌ಪ್ರೊಮಜಿನ್ ಎಂಬ ಔಷಧವೊಂದನ್ನೇ ಕೊಟ್ಟರೆ ನಾಯಿ ನಿಶ್ಚಲವಾಗಿ ಬಿದ್ದಿರುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಒಳಗಿನ ಭಯ ಹಾಗೆಯೇ ಉಳಿದು, ಓಡಲು ಕಾಲಿಗೆ ಶಕ್ತಿ ಮಾತ್ರ ಇರುವುದಿಲ್ಲ. ಇದನ್ನು ತಿಳಿದಂದಿನಿಂದ ‘ಸುಮ್ಮನೆ ಮಲಗಿಸುವ ಮಾತ್ರೆ ಕೊಡಿ’ ಎಂದು ಕೇಳುವುದನ್ನು ನಾವು ಬಿಟ್ಟಿದ್ದೇವೆ. ಮನೆಯವರ ನಿದ್ದೆ ಮಾತ್ರೆಯನ್ನು ಅಂದಾಜಿನಿಂದ ಮುರಿದು ಹಾಕುವುದು ಅಪಾಯ. ಮನುಷ್ಯರ ಕೆಲವು ದ್ರವೌಷಧಗಳಲ್ಲಿ ಸಿಹಿಗೆಂದು ಬೆರೆಸುವ ಕ್ಸೈಲಿಟಾಲ್ ನಾಯಿಗೆ ವಿಷ.

ಇದುವರೆಗೆ ನಿರ್ಭಯವಾಗಿದ್ದ ವಯಸ್ಸಾದ ನಾಯಿ ಒಮ್ಮೆಲೇ ಸದ್ದಿಗೆ ಹೆದರತೊಡಗಿದರೆ ಅದರ ಕೀಲು, ಸೊಂಟಗಳನ್ನು ಪರೀಕ್ಷಿಸಬೇಕು. ಬೆಚ್ಚಿಬಿದ್ದಾಗ ಸ್ನಾಯು ಸೆಟೆದು ನೋವಾಗುತ್ತದೆ, ನೋವಿಗೆ ಸದ್ದೇ ಕಾರಣವೆಂದು ನಾಯಿ ಬಗೆಯುತ್ತದೆ. ಇಂತಹ ಕೆಲವು ನಾಯಿಗಳಲ್ಲಿ ನೋವಿನ ಚಿಕಿತ್ಸೆಯಿಂದಲೇ ಭಯ ಇಳಿದುದನ್ನು ವೈದ್ಯರು ಕಂಡಿದ್ದಾರೆ.

ನೆರೆಯವರೊಡನೆ ಮಾತನಾಡಲು ಸಂಕೋಚ ಬೇಡ. 2018ರ ಅಕ್ಟೋಬರ್ 23ರ ಸುಪ್ರೀಂ ಕೋರ್ಟಿನ ತೀರ್ಪು ದೀಪಾವಳಿಯಂದು ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಎರಡು ಗಂಟೆಗಳನ್ನು ನಿಗದಿಪಡಿಸಿತು. ಆಸ್ಪತ್ರೆ, ವಿದ್ಯಾಸಂಸ್ಥೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ. ಮಣಿಪಾಲದಲ್ಲಿ ಅದರೊಳಗೆ ಸೇರದ ಬೀದಿಗಳನ್ನು ಹುಡುಕಬೇಕಾದೀತು. ಕಾನೂನಿಗಿಂತ ಒಂದು ವಿನಂತಿ ಹೆಚ್ಚು ಫಲಿಸುತ್ತದೆ ಎಂಬುದು ನಮ್ಮ ಅನುಭವ. ‘ಹಚ್ಚುವ ಮೊದಲು ಒಂದು ಕೂಗು ಹಾಕಿ, ನಾಯಿಯನ್ನು ಒಳಗೆ ಕರೆದುಕೊಳ್ಳುತ್ತೇವೆ’ ಎಂದು ನಾವು ಕೇಳಿದ ಮೇಲೆ ನೆರೆಯ ಹುಡುಗರು ಪ್ರತಿ ವರ್ಷವೂ ಬೇಲಿಯಾಚೆಯಿಂದ ಕೂಗುತ್ತಾರೆ, ಕೆಲವೊಮ್ಮೆ ಪಟಾಕಿಗಿಂತ ಜೋರಾಗಿ. ನಮ್ಮ ಮನೆಯಲ್ಲಂತೂ ಹಣತೆ, ಗೂಡುದೀಪಗಳಿಗೇ ಹಬ್ಬ ಮುಗಿಯುತ್ತದೆ.

ಬಲಿಪಾಡ್ಯಮಿ ಕಳೆದ ಮರುದಿನ ನಾಯಿಯನ್ನು ಎಂದಿನಂತೆ ಬಿಡಬೇಡಿರಿ. ಬಹುಪಾಲು ನಾಯಿಗಳು ಬೆಳಗಾಗುವಷ್ಟರಲ್ಲಿ ಚೇತರಿಸಿದರೂ ಕೆಲವಕ್ಕೆ ವಾರವೇ ಹಿಡಿಯುತ್ತದೆ. ಉಳಿದ ಪಟಾಕಿಯನ್ನು ಮಕ್ಕಳು ಹಗಲಲ್ಲಿ ಹಚ್ಚುವುದೂ ಉಂಟು. ತುಳಸಿ ಪೂಜೆಯ ರಾತ್ರಿ ಮುಗಿಯುವವರೆಗೆ ಸರಪಳಿ ಕೈಯಲ್ಲಿರಲಿ, ಗೂಡಿನ ಬಾಗಿಲ ಅಗುಳಿಯನ್ನು ಮಲಗುವ ಮುನ್ನ ಇನ್ನೊಮ್ಮೆ ನೋಡಿರಿ.