ಬಂದು ಮಾಯವಾದ ಪೋರ್ಟು

ಪ್ರಾಜೆಕ್ಟ್ ತೋರಿಸಲು ಎರಡೇ ದಿನ ಉಳಿದಿತ್ತು. ಮೊರಬದ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆ. ಎರೆ ಹೊಲದ ತೇವಾಂಶ ಅಳೆಯುವ ಸೆನ್ಸರ್, ಅದಕ್ಕೊಂದು ಅಗ್ಗದ ಆರ್ಡುಯಿನೊ ಮಾದರಿಯ ಬೋರ್ಡ್. ಯುಎಸ್‌ಬಿಗೆ ಚುಚ್ಚಿದರೆ ಬೋರ್ಡಿನ ದೀಪ ಹತ್ತುತ್ತಿತ್ತು, ಲ್ಯಾಪ್‌ಟಾಪ್ ಮಾತ್ರ ಗುರುತೇ ಹಿಡಿಯುತ್ತಿರಲಿಲ್ಲ. ‘ದೀಪ ಹತ್ತೇತಲ್ಲೋ, ಮತ್ತೇನಾತು?’ ಎಂದ ಅಪ್ಪ.

ಹಿಂದಿನ ರಾತ್ರಿಯಿಡೀ ಡ್ರೈವರ್ ಹುಡುಕಿದ್ದೆ. ವ್ಯರ್ಥ ಕೆಲಸ. ಈ ಬೋರ್ಡಿನ ಸಿಎಚ್340 ಚಿಪ್‌ಗೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಸೀನಿಯರ್ ಒಬ್ಬರು ಫೋನಿನಲ್ಲಿ, ‘ಮೊದಲು ಕರ್ನಲ್ ಏನ್ ಹೇಳ್ತೈತಿ ಕೇಳು’ ಎಂದರು. ಟರ್ಮಿನಲ್‌ನಲ್ಲಿ ಡಿಮೆಸೇಜ್ ಆಜ್ಞೆ ಕೊಟ್ಟು ಬೋರ್ಡ್ ಚುಚ್ಚಿದೆ. ಒಂದು ಸಾಲೂ ಬರಲಿಲ್ಲ.

ಆ ಮೌನವೇ ಸುಳಿವು. ಸಾಧನ ಸೇರಿಸಿದಾಗ ಅದು ಡೇಟಾ ತಂತಿಯೊಂದರ ವೋಲ್ಟೇಜ್ ಎತ್ತುತ್ತದೆ. ಅದನ್ನು ಕಂಡ ಕರ್ನಲ್ ಪೋರ್ಟನ್ನು ರೀಸೆಟ್ ಮಾಡಿ, ಸಾಧನಕ್ಕೊಂದು ವಿಳಾಸ ಕೊಟ್ಟು, ‘ನೀನ್ಯಾರು?’ ಎಂದು ಕೇಳುತ್ತದೆ. ಸಾಧನ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಹೇಳುತ್ತದೆ. ಅವು ಯಾವ ಡ್ರೈವರ್‌ನ ಪಟ್ಟಿಯಲ್ಲಿವೆಯೋ ಆ ಡ್ರೈವರ್‌ಗೆ ಕರೆ ಹೋಗುತ್ತದೆ. ನನ್ನದು ಮೊದಲ ಹೆಜ್ಜೆಯಲ್ಲೇ ನಿಂತಿತ್ತು, ಏಕೆಂದರೆ ಆ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರಲಿಲ್ಲ! ಬರೀ ಚಾರ್ಜಿಂಗ್‌ನದು. (ಮೌನದ ಬದಲು ಮೈನಸ್ 71 ಎಂಬ ದೋಷ ಕಂಡರೂ ಮೊದಲು ಕೇಬಲ್, ಪೋರ್ಟ್ ಬದಲಿಸಿ ನೋಡಿ.)

ತಮ್ಮನ ಹಳೆಯ ಫೋನಿನ ಕೇಬಲ್ ಹಾಕಿದೆ. ಸಾಲುಗಳು ಉರುಳಿದವು. 1ಎ86, 7523 ಎಂಬ ಗುರುತು ಬಂತು, ಟಿಟಿವೈಯುಎಸ್‌ಬಿ0 ಎಂಬ ಪೋರ್ಟೂ ಹುಟ್ಟಿತು. ಖುಷಿಪಡುವಷ್ಟರಲ್ಲಿ ಮಾಯ. ಡ್ರೈವರ್ ಹಿಡಿದಿದ್ದ ಸಾಧನವನ್ನು ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಕಸಿದುಕೊಂಡಿದೆ ಎಂದು ಕರ್ನಲ್ ಬರೆದಿತ್ತು. ಅದ್ಯಾರಪ್ಪ?

ಕಣ್ಣು ಕಾಣದವರು ಬೆರಳಿನಿಂದ ಪರದೆ ಓದಲು ಬಳಸುವ ಬ್ರೈಲ್ ಸಾಧನಗಳನ್ನು ನಡೆಸುವ ಪ್ರೋಗ್ರಾಂ ಅದು. ಉಬುಂಟು 22.04ರಲ್ಲಿ ಅದರ ಪಟ್ಟಿಯಲ್ಲೂ ಇದೇ ಸಂಖ್ಯೆ ಇತ್ತು. ಸ್ವಂತ ತಯಾರಕ ಸಂಖ್ಯೆ ಪಡೆಯಲು ಸಾವಿರಾರು ಡಾಲರ್ ಬೇಕು. ಹೀಗಾಗಿ ಎಷ್ಟೋ ಸಾಧನಗಳು ಒಳಗಿನ ಚಿಪ್‌ನ ಸಂಖ್ಯೆಯನ್ನೇ ಹೇಳಿಕೊಳ್ಳುತ್ತವೆ. ನಮ್ಮ ಓಣಿಯಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಇಬ್ಬರಿದ್ದಾರೆ, ಒಬ್ಬರ ಟಪಾಲು ಇನ್ನೊಬ್ಬರ ಮನೆ ಸೇರುತ್ತಲೇ ಇರುತ್ತದೆ. ಇದೂ ಅದೇ ಕಥೆ.

‘ತೆಗೆದು ಒಗಿ ಅದನ್ನ’ ಎಂದರು ಗೆಳೆಯರು. ಒಂದೇ ಆಜ್ಞೆಯ ಕೆಲಸ, ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಮಾಡಿದೆ. ಪೋರ್ಟ್ ಉಳಿಯಿತು. ಮರುದಿನ ಹುಬ್ಬಳ್ಳಿಯ ಕಾಲೇಜಿನ ಲ್ಯಾಬ್ ಕಂಪ್ಯೂಟರಿನಲ್ಲೂ ಇದೇ ತೊಂದರೆ. ಅದೇ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುವ ಮೊದಲು ಕೈ ತಡೆಯಿತು. ಇದು ನನ್ನದಲ್ಲ. ಮುಂದಿನ ವರ್ಷ ಈ ಕುರ್ಚಿಯಲ್ಲಿ ಬ್ರೈಲ್ ಬಳಸುವವರು ಕುಳಿತರೆ? ಸಾಧನ ಯಾಕೆ ನಡೆಯುತ್ತಿಲ್ಲ ಎಂದು ಅವರೂ ನನ್ನ ಹಾಗೆ ರಾತ್ರಿಯಿಡೀ ಹುಡುಕಬೇಕಾಗುತ್ತಿತ್ತು.

ಲ್ಯಾಬ್ ಸಹಾಯಕರ ಒಪ್ಪಿಗೆ ಪಡೆದು ಯುಡೆವ್ ನಿಯಮಗಳ ಕಡತ ತೆರೆದೆ. 7523 ಇದ್ದ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದೆ, ಅಷ್ಟೇ. ಉಳಿದ ಬ್ರೈಲ್ ಸಾಧನಗಳ ಸಾಲುಗಳು ಹಾಗೇ ಉಳಿದವು. ಯಾಕೆ ಬದಲಿಸಿದೆ ಎಂದು ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿದೆ. ನಿಯಮಗಳನ್ನು ಮತ್ತೆ ಲೋಡ್ ಮಾಡಿ ಬೋರ್ಡ್ ಚುಚ್ಚಿದಾಗ ಪೋರ್ಟ್ ಬಂತು, ನಿಂತಿತು. ಮೊರಬದಿಂದ ಡಬ್ಬಿಯಲ್ಲಿ ತಂದಿದ್ದ ಎರೆಮಣ್ಣಿಗೆ ಸೆನ್ಸರ್ ಇಳಿಸಿದೆ. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು.

ಮನೆಗೆ ಬಂದು ನನ್ನ ಲ್ಯಾಪ್‌ಟಾಪ್‌ಗೂ ಆ ಪ್ರೋಗ್ರಾಂ ಮತ್ತೆ ಹಾಕಿ, ಅದೇ ಒಂದು ಸಾಲಿಗೆ ಹ್ಯಾಶ್ ಇಟ್ಟೆ.